ಗೂಳಪ್ಪ ಮಕ್ಕಳನ್ನು ಬೆಟ್ಟ ಹತ್ತಿಸಿದ್ದು

ಗೂಬೆಬಂಡೆ ಬೆಟ್ಟದ ಬುಡದ ಊರಲ್ಲಿ ಸಣ್ಣನಿಂಗಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಗೂಳಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಒಲೆ ನೋಡ್ಕೋ ಅಂದರೆ ಅನ್ನ ಸೀದು ಕರಿಯಾಗೋವರೆಗೂ ನೋಡ್ತಾನೇ ಕೂತಿರೋನು. ಅವ್ವ ತಲೆ ಚಚ್ಚಿಕೊಂಡರೆ, "ನಂದು ಸಣ್ಣ ತಲೆ ಕಣವ್ವ, ಒಂದೇ ಮಾತಿಗೆ ಜಾಗ. ಹೊಸದು ಬಂದರೆ ಹಳೇದು ಎದ್ದು ಹೋಗ್ತದೆ" ಅಂತ ತಾನೇ ನಗೋನು.

ಆ ವರ್ಷ ಶಾಲೆಗಳಿಗೆಲ್ಲ ಬೆಟ್ಟ ಹತ್ತೋ ಪಂದ್ಯ ಇಟ್ಟರು. ತಂಡದ ಮಕ್ಕಳೆಲ್ಲ ತುದಿ ಮುಟ್ಟಿ ಇಳಿದು ಬರಬೇಕು. ಮೊದಲು ಬಂದ ತಂಡಕ್ಕೆ ಬಹುಮಾನದ ಕಪ್ಪು. ಆ ಊರಿನ ಶಾಲೆ ಯಾವತ್ತೂ ಏನೂ ಗೆದ್ದಿರಲಿಲ್ಲ. ಪರಮೇಶಪ್ಪ ಮೇಷ್ಟ್ರಿಗೆ ಉಬ್ಬಸ. ಆಡು ಕಾಯ್ತಾ ದಿನಾ ಹತ್ತೋ ಗೂಳಪ್ಪನೇ ಮಕ್ಕಳನ್ನು ಕರ್ಕೊಂಡು ಹೋಗಲಿ ಅಂದರು.

ಸಣ್ಣನಿಂಗಮ್ಮ ಮಗನನ್ನು ಹತ್ತಿರ ಕರೆದಳು. "ನೀನು ಮುಂದೆ ನಡೀತಿರು, ಮಕ್ಕಳು ಹಿಂದೆ ಬರ್ತಾವೆ" ಅಂತ ಹೇಳಿ ಅಭ್ಯಾಸಕ್ಕೆ ಕಳಿಸಿದಳು.

ಗೂಳಪ್ಪ ಮುಂದೆ ನಡೆದ. ನಡೆದೇ ನಡೆದ. ತುದಿ ಬಂತು, ಆಚೆ ಇಳಿದ. ಪಕ್ಕದೂರು ಬಂತು, ಅದನ್ನೂ ದಾಟಿದ. ಮಕ್ಕಳು ಅರ್ಧ ದಾರೀಲಿ ಸೀತಾಫಲ ತಿಂದು ಮನೆ ಸೇರಿದ್ದವು.

"ಮಕ್ಕಳ ಮೇಲೆ ಕಣ್ಣಿಟ್ಟಿರಬೇಕು ಕಣೋ, ಬೇರೆ ಕಡೆ ನೋಡಬಾರದು" ಅಂತ ಅವ್ವ ಬೈದಳು.

"ಆಗಲವ್ವ" ಅಂದ.

ಮಾರನೇ ದಿನ ಮಕ್ಕಳ ಕಡೆ ಮುಖ ಮಾಡಿಕೊಂಡು ಹಿಂದಿಂದಕ್ಕೆ ಬೆಟ್ಟ ಹತ್ತಿದ.

"ಅಣ್ಣ, ಹಿಂದೆ ಕಳ್ಳಿ ಅದೆ" ಅಂದವು ಮಕ್ಕಳು.

"ಇರಬಹುದು. ನಾನು ಆ ಕಡೆ ನೋಡೋ ಹಾಗಿಲ್ಲ" ಅಂದವನೇ ಕಳ್ಳಿ ಮೇಲೆ ಕೂತ.

ಮುಳ್ಳು ಕೀಳ್ತಾ ಅವ್ವ ಅಂದಳು: "ನೀನು ಹಿಂದೆ ಇರು. ಎಲ್ಲರಿಗಿಂತ ಹಿಂದೆ."

ಮತ್ತೆ ಹೋದರು. ನಾಗವೇಣಿ ಅಂತ ಒಬ್ಬ ಹುಡುಗಿ, ಕಾಲು ಸ್ವಲ್ಪ ಎಳೆಯೋಳು, ಕೊನೇಲಿದ್ದಳು. ಅವಳ ಹಿಂದೆ ಗೂಳಪ್ಪ. ಅಷ್ಟರಲ್ಲಿ ಸೌದೆಯವಳು ಬಂದಳು. ಪಕ್ಕಕ್ಕೆ ಸರಿದು ಅವಳ ಹಿಂದಾದ. ಕುರಿಮಂದೆ ಬಂತು, ಕುರಿಗಳ ಹಿಂದಾದ. ಒಬ್ಬ ಅಜ್ಜ ಬಂದು ಎಲೆಅಡಿಕೆ ಹಾಕೋಕೆ ಕೂತ. ಗೂಳಪ್ಪ ಅವನ ಬೆನ್ನ ಹಿಂದೆ ಕೂತ. ನಾಗವೇಣಿ ಒಬ್ಬಳೇ ಬಂಡೆ ನಡುವೆ ಅಳ್ತಾ ನಿಂತಿದ್ದಳು.

ಈ ಸಲ ಮೇಷ್ಟ್ರೇ ಬೈದರು: "ಎಲ್ಲರೂ ತುದಿಗೆ ಬರೋವರೆಗೂ ಒಬ್ಬರನ್ನೂ ಕೆಳಗಿಳಿಸಬೇಡ. ತಿಳೀತೋ?"

ತಿಳೀತು. ಪಂದ್ಯದ ದಿನ ನಾಗವೇಣಿ ಹಿಂದುಳಿದಾಗ, ಎಲ್ಲರೂ ಬರಬೇಕಲ್ಲ ಅಂತ ಗೂಳಪ್ಪ ಉಳಿದವರನ್ನು ವಾಪಸ್ ಕರೆದ. ಒಬ್ಬರು ಎಳೆದರು, ಒಬ್ಬರು ನೂಕಿದರು, ಎಲ್ಲರಿಗಿಂತ ಮೊದಲು ತುದಿ ಮುಟ್ಟಿದರು. ನಾಗವೇಣಿ ಅಷ್ಟು ಎತ್ತರದಿಂದ ಊರು ನೋಡಿದ್ದು ಅದೇ ಮೊದಲು.

"ಅಣ್ಣ, ಇಳಿಯೋಣ" ಅಂದವು ಮಕ್ಕಳು.

"ಎಲ್ಲರೂ ಬಂದಿಲ್ಲ. ಮೇಷ್ಟ್ರೆಲ್ಲಿ?" ಅಂತ ಬಂಡೆಗಳ ಸಂದಿಗೆ ಅಡ್ಡ ನಿಂತ. ಊರ ಕಡೆ ಇಳಿಯೋಕೆ ಅದೊಂದೇ ದಾರಿ. ಬೇರೆ ಶಾಲೆಯವರು ಹತ್ತಿ ಬಂದರು; ಅವರನ್ನೂ ಬಿಡಲಿಲ್ಲ. ಮೇಷ್ಟ್ರು ಕೆಳಗಿಂದ ಟವೆಲು ಬೀಸಿದರು, ಕೊನೆಗೆ ಏದುಸಿರು ಬಿಡ್ತಾ ಹತ್ತಿ ಬಂದರು.

"ಈಗ ಅವ್ವ ಬರಬೇಕು" ಅಂದ ಗೂಳಪ್ಪ. ಅವ್ವನೂ ಬೈಕೊಂಡು ಬಂದಳು. ಏನಾಯ್ತೋ ಅಂತ ತೀರ್ಪುಗಾರರೂ ಬಂದರು.

"ನಾವೂ ಇಲ್ಲೇ ಇದ್ದರೆ ಮೊದಲು ಇಳಿದೋರು ಯಾರು ಅಂತ ನೋಡೋರು ಯಾರು?" ಅಂದರು ತೀರ್ಪುಗಾರರು. ಎಲ್ಲರೂ ಗೂಳಪ್ಪನ ಮುಖ ನೋಡಿದರು.

"ನನ್ನ ತಪ್ಪು. ನಾನೇ ಓಡಿಹೋಗಿ ನೋಡ್ತೀನಿ" ಅಂದ.

"ಮೊದಲು ಬಂದೋರ ಕೈ ಹಿಡ್ಕೊಂಡು ನಿಲ್ಲು. ನಾವು ಬರೋವರೆಗೂ ಬಿಡಬೇಡ" ಅಂದರು ಮೇಷ್ಟ್ರು.

ಗೂಳಪ್ಪ ಆಡಿನ ಹಾಗೆ ನೆಗೆದು ಇಳಿದ. ಹಿಂದೆಯೇ ನಾಗವೇಣಿಯ ತಂಡ ಬಂತು. ಅವಳು ಕೈ ಚಾಚಿದಳು. ಗೂಳಪ್ಪ ತಲೆ ಅಲ್ಲಾಡಿಸಿದ.

"ನಿಮಗಿಂತ ಮೊದಲು ಒಬ್ಬ ಬಂದಿದಾನೆ ಕಣಮ್ಮ. ಪೆದ್ದ ನನ್ಮಗ, ಆದರೂ ಮೊದಲು ಬಂದ. ಹಿಡ್ಕೊಂಡಿದೀನಿ."

ನೋಡಿದರೆ ತನ್ನ ಬಲಗೈಲಿ ತನ್ನ ಎಡಗೈಯನ್ನೇ ಬಿಗಿಯಾಗಿ ಹಿಡಿದಿದ್ದ.

ತೀರ್ಪುಗಾರರು ಬಂದು, ನಕ್ಕು ನಕ್ಕು, ಆ ತಂಡವೇ ಗೆದ್ದಿತು ಅಂದರು. ಕರ್ಕೊಂಡು ಹೋದವನೇ ತಗೊಳ್ಳಲಿ ಅಂತ ಕಪ್ಪನ್ನು ಗೂಳಪ್ಪನ ಮುಂದೆ ಹಿಡಿದರು. ಅವನು ಹಿಡಿದ ಕೈ ಬಿಡದೆ ಬಗ್ಗಿ ಬಾಯಲ್ಲಿ ಕಚ್ಚಿಕೊಂಡ. ಮೇಷ್ಟ್ರು ಇನ್ನೂ ಇಳೀತಾ ಇದ್ದರು.