ಇರಿಕೊಳ್ಳಕ್ಕೆ ಆ ಹೆಸರು ಬಂದದ್ದು

ಇರಿಕೊಳ್ಳಕ್ಕೆ ಹೋದವರಿಗೆ ಮೊದಲು ಕಾಣುವುದು ಕೆಂಪು ಬಂಡೆಯ ಎರಡು ಗೋಡೆಗಳು. ಬಯಲಿನಲ್ಲಿ ಮೈಚೆಲ್ಲಿ ಹರಿದು ಬಂದ ಹೊಳೆ ಇಲ್ಲಿ ಕಿರಿದಾಗಿ ಅವುಗಳ ನಡುವೆ ನುಸುಳುತ್ತದೆ. ಆಚೆ ದಡದಲ್ಲಿ ದೊಡ್ಡದೊಂದು ಗವಿ, ಅದರ ನೆತ್ತಿಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಗೂಳಿಗಳು. ಹೆಸರಿನಲ್ಲಿ ‘ಇರಿ’ ಇರುವುದರಿಂದ ಇಲ್ಲೊಂದು ಘೋರ ಕಾಳಗ ನಡೆದು ರಕ್ತ ಹರಿದಿರಬೇಕೆಂದು ಹೊರಗಿನ ಪಂಡಿತರೊಬ್ಬರು ಊಹಿಸಿದರು. ಊಹಿಸಿದ್ದನ್ನು ಅಚ್ಚೂ ಹಾಕಿಸಿದರು. ಬರೆಯುವ ಕೈಯನ್ನು ಹಿಡಿಯುವವರಾರು? ಊರಿನ ಹಿರಿಯರು ಹೇಳುವ ಸಂಗತಿಯೇ ಬೇರೆ.

ಹಿಂದೆ ಒಮ್ಮೆ, ಕಬ್ಬಿಣವೆಂಬುದನ್ನೇ ಜನ ಕಾಣದಿದ್ದ ಕಾಲದಲ್ಲಿ, ಮಾಳಕ್ಕನೆಂಬ ಹಿರಿಯಳು ತನ್ನ ಕುಲದವರನ್ನೂ ದನಗಳನ್ನೂ ಕರೆದುಕೊಂಡು ಬಯಲುಸೀಮೆಯಿಂದ ಈ ಹೊಳೆಗುಂಟ ಬಂದಳಂತೆ. ಮಗಳು ಕೆಂಚಿಗೆ ದಿನ ತುಂಬಿತ್ತು. ಮುಂಜಾನೆಯಿಂದಲೇ ಅವಳಿಗೆ ಸೊಂಟನೋವು. ಇನ್ನೊಂದು ಹರದಾರಿ ನಡೆಸಿದರೆ ತಾಯಿಯೂ ಉಳಿಯಲಾರಳು, ಕೂಸೂ ಉಳಿಯಲಾರದು ಎಂಬುದು ಮಾಳಕ್ಕನಿಗೆ ತಿಳಿದಿತ್ತು. ಆಚೆಯ ಗವಿ ಕಣ್ಣೆದುರಿಗೇ ಇತ್ತು. ಆದರೆ ಆ ಕುಲದಲ್ಲೊಂದು ಕಟ್ಟಳೆ. ಹೊಸ ನೆಲದ ಗಡಿಯಲ್ಲಿ ನಿಂತು ಹಿರಿಯಳು ಮೂರು ಸಲ ಕೂಗಿ ಕೇಳಬೇಕು. ಉತ್ತರ ಬಾರದಿದ್ದರೆ ನೆಲ ತಮ್ಮದು. ಬಂದರೆ, ಬಂದ ಮಾತಿನಂತೆ ನಡೆಯಬೇಕು. ಕೇಳದೆ ಕಾಲಿಟ್ಟ ನೆಲ ಕುಲವನ್ನೇ ನುಂಗುತ್ತದೆಂದು ಅವರು ನಂಬಿದ್ದರು.

ಮಾಳಕ್ಕ ಈಚೆ ದಡದಲ್ಲಿ ನಿಂತು, “ಯಾರದೀರಿ?” ಎಂದು ಕೂಗಿದಳು. ಎದುರಿನಿಂದ “ಇರಿ” ಎಂದು ಕೇಳಿಸಿತು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಇಂದು ಆ ಊರಿನ ಹಸುಗೂಸಿಗೂ ಇದು ಬಂಡೆಯ ಮರುದನಿ ಎಂದು ಗೊತ್ತು. ಆದರೆ ಅವರು ಬಯಲಿನಲ್ಲಿ ಹುಟ್ಟಿ ಬಯಲಿನಲ್ಲಿ ಬೆಳೆದವರು, ಕೂಗಿದ ಮಾತು ತಿರುಗಿ ಬಂದದ್ದನ್ನು ಎಂದೂ ಕೇಳಿದವರಲ್ಲ. ಗಂಡಸರೆಲ್ಲ ಕಲ್ಲುಗೊಡಲಿಗಳನ್ನು ಕೈಗೆತ್ತಿಕೊಂಡರು. ಆಚೆಯ ನಾಯಕ ತನ್ನವರಿಗೆ ಇರಿಯಿರೆಂದು ಅಪ್ಪಣೆ ಕೊಡುತ್ತಿದ್ದಾನೆ, ಅವರು ಇಳಿದು ಬರುವ ಮೊದಲೇ ನಾವು ಮೇಲೆ ಬೀಳಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು ಎಂದು ಮಾಳಕ್ಕನ ತಮ್ಮ ಬೊಮ್ಮ ಹಟ ಹಿಡಿದ. ಕೆಂಚಿ ಮರಳಿನ ಮೇಲೆ ಹಲ್ಲುಕಚ್ಚಿ ಮಲಗಿದ್ದಳು.

ಮಾಳಕ್ಕ ಮಗಳ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. “ಇರಿಯಾಂವ ಮೊದ್ಲ ಕೂಗಿ ಹೇಳಿ ಇರೀತಾನೇನೋ ತಮ್ಮಾ?” ಎಂದಳು. “ಅವರು ಅಂದದ್ದು ಇರ್ರೀ ಅಂತ. ಇಲ್ಲೇ ಇರ್ರೀ ಅಂತ.”

ಬೊಮ್ಮನಿಗೆ ನಂಬಿಕೆ ಬರಲಿಲ್ಲ. ಅವಳೊಬ್ಬಳೇ ಬರಿಗೈಯಲ್ಲಿ ಮೊಣಕಾಲುದ್ದದ ನೀರಿಗಿಳಿದಳು. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ನಡುಹೊಳೆಯಲ್ಲಿ ಅವಳು ನಿಂತು ಮಗಳತ್ತ ತಿರುಗಿ ನೋಡಿದ್ದನ್ನು ಎರಡು ಕಡೆಯ ಬಂಡೆಗಳೂ ನೋಡಿದವು ಎನ್ನುತ್ತಾರೆ. ಗವಿಯನ್ನು ಹೊಕ್ಕು ಮೂಲೆಮೂಲೆ ಹುಡುಕಿದಳು. ನರಪಿಳ್ಳೆಯೂ ಇರಲಿಲ್ಲ. ಹಾಗಾದರೆ ಕೂಗಿಗೆ ಓಗೊಟ್ಟವರು ಯಾರು? ಬೇರೆ ಯಾರಾಗಿದ್ದರೂ ಅಲ್ಲಿಂದ ಓಡಿ ಬರುತ್ತಿದ್ದರು. ಮಾಳಕ್ಕ ಬಂಡೆಗೆ ಹಣೆ ಹಚ್ಚಿ ನಿಂತಳು. ಆ ಮನೆಯ ಯಜಮಾನ ಬಂಡೆಯೇ ಎಂದು ಅವಳಿಗೆ ತಿಳಿದುಹೋಗಿತ್ತು. ಹೊರಗೆ ಬಂದು, ಕೊಡಲಿಗಳನ್ನು ಅಲ್ಲೇ ಬಿಟ್ಟು ಕೆಂಚಿಯನ್ನು ಹೊತ್ತು ತರುವಂತೆ ಹೇಳಿದಳು. ಹೊತ್ತು ಇಳಿಯುವ ಮೊದಲೇ ಗವಿಯಲ್ಲಿ ಕೂಸು ಅತ್ತಿತು. ಎದುರಿನ ಬಂಡೆಯಿಂದಲೂ ಒಂದು ಕೂಸು ಅತ್ತಿತಂತೆ.

ಕೆಲವು ವರ್ಷಗಳ ಹಿಂದೆ ಉತ್ಖನನದವರು ಬಂದು ಗವಿಯ ನೆಲವನ್ನು ಎರಡಾಳು ಆಳ ಅಗೆದರು. ಆ ಗುಂಡಿಗೆ ಈಗ ತಂತಿಬೇಲಿ ಹಾಕಿದ್ದಾರೆ. ಬಗ್ಗಿ ನೋಡಿದರೆ ಅಗೆದ ಮಣ್ಣಿನ ಮೈಯಲ್ಲಿ ಒಂದರ ಮೇಲೊಂದು ಬೂದಿಯ ಗೆರೆಗಳು ಕಾಣುತ್ತವೆ, ತಲೆಮಾರು ತಲೆಮಾರುಗಳ ಒಲೆಗಳು. ಇರಿದು ಸತ್ತವರ ಎಲುಬು ಒಂದೂ ಸಿಕ್ಕಲಿಲ್ಲ. ಎಲ್ಲಕ್ಕಿಂತ ತಳದಲ್ಲಿರುವ ಒಲೆ ಉಳಿದವುಗಳಿಗಿಂತ ಎರಡು ಪಟ್ಟು ದೊಡ್ಡದು. ಮಾಂಸ ಸುಡುತ್ತಿದ್ದ ಕುಳಿಯೆಂದು ಫಲಕದಲ್ಲಿ ಬರೆದಿದ್ದಾರೆ. ಊರಿನ ಹೆಂಗಸರು ಫಲಕವನ್ನು ಓದುವುದಿಲ್ಲ. ಅಷ್ಟು ದೊಡ್ಡ ಒಲೆ ಬೇಕಾಗುವುದು ಬಾಣಂತಿಗೆ ನೀರು ಕಾಯಿಸಲಿಕ್ಕೆ ಎಂದು ಅವರು ನೋಡಿದ ಕೂಡಲೇ ಹೇಳುತ್ತಾರೆ.