ನೆರಳು ಕಂಡರೆ ಮೇಲೇಳುತ್ತಿದ್ದ ಮೀನು

ಒಂದು ಕಾಡಿನಲ್ಲಿ, ಹರಿವ ಹಳ್ಳದ ನಡುವೆ, ದಾರಿ ತಪ್ಪಿದ ಪುಟ್ಟ ಮೀನೊಂದು ಕಲ್ಲಿನ ಸಂದಿಯಲ್ಲಿದ್ದ ಏಡಿಯನ್ನು ಕೇಳಿತು: "ಅಕ್ಕಾ, ಗಾಜಿನ ಮನೆಗೆ ಯಾವ ಕಡೆ ಹೋಗಬೇಕು?"

ಏಡಿ ಕಣ್ಣು ಹೊರಚಾಚಿ ನೋಡಿತು. ಕೆಂಡದಂಥ ಕೆಂಪು ಮೈ! "ಇದ್ಯಾವ ಬಣ್ಣ ಮಾರಾಯ್ತಿ? ಮದುವೆಗೆ ಹೊರಟೆಯಾ?"

"ಹುಟ್ಟಿದ್ದೇ ಹೀಗೆ. ನಮ್ಮ ಅಜ್ಜಿಯ ಮೊಟ್ಟೆಗೆ ಮನುಷ್ಯರು ಹವಳದ ಜೀನ್ ಸೇರಿಸಿದ್ದರಂತೆ. ಅಕ್ವೇರಿಯಂನ ನೀಲಿ ದೀಪದ ಕೆಳಗೆ ಹೊಳೆಯುತ್ತಿದ್ದೆ. ಸಾಕಿದವರಿಗೆ ಬೇಸರ ಬಂತು, ಇಲ್ಲಿ ಸುರಿದು ಹೋದರು."

"ಹಾಗಾದರೆ ಆ ಮನೆಗೆ ಇನ್ನು ದಾರಿಯಿಲ್ಲ. ಕಲ್ಲಿನಡಿ ಬಾ. ನಾನು ಈಗಷ್ಟೇ ಚಿಪ್ಪು ಕಳಚಿದ್ದೇನೆ, ಮೈಯೆಲ್ಲ ಬೆಣ್ಣೆ. ಗಟ್ಟಿಯಾಗುವವರೆಗೆ ನಾನೂ ಹೊರಬರುವಂತಿಲ್ಲ."

ಮೇಲಿನ ಕೊಂಬೆಯಲ್ಲಿದ್ದ ಮಿಂಚುಳ್ಳಿ ಎಲ್ಲ ಕೇಳಿಸಿಕೊಂಡಿತು. ಬೆಲ್ಲ ಸುರಿದಂಥ ದನಿಯಲ್ಲಿ ಕರೆಯಿತು: "ಮಗಳೇ, ನಿನ್ನವರು ನಿನ್ನನ್ನೇ ಹುಡುಕುತ್ತಿದ್ದಾರೆ! ಅಲ್ಲಿ ಊಟ ಹೇಗೆ ಕೊಡುತ್ತಿದ್ದರು?"

"ನೀರ ಮೇಲೆ ನೆರಳು ಬಿದ್ದರೆ ಮೇಲೇಳುತ್ತಿದ್ದೆ. ಕಾಳು ಉದುರುತ್ತಿತ್ತು."

"ಇಲ್ಲೂ ಹಾಗೇ!" ಎಂದು ಮಿಂಚುಳ್ಳಿ ರೆಕ್ಕೆ ಬಿಚ್ಚಿತು.

ನೆರಳು ಬಿತ್ತು. ಹಳ್ಳದ ಮೀನುಗಳೆಲ್ಲ ದಿಕ್ಕಾಪಾಲಾಗಿ ಅಡಗಿದವು. ಕೆಂಪು ಮೀನು ಮಾತ್ರ ಬಾಯಿ ತೆರೆದುಕೊಂಡು ಮೇಲೆದ್ದಿತು.

"ಅಯ್ಯೋ ದಡ್ಡಿ!" ಏಡಿ ತನ್ನ ಮೆತ್ತನೆ ಮೈಯನ್ನೂ ಮರೆತು ಹೊರಗೆ ನುಗ್ಗಿ, ಬಾಲ ಹಿಡಿದು ಕೆಳಗೆಳೆಯಿತು. ಕೊಕ್ಕು ನೀರು ಸೀಳಿತು. ಮೀನು ಉಳಿಯಿತು. ಏಡಿಯ ಒಂದು ಕಾಲು ಹೋಯಿತು. ನೀರಿನ ಸೆಳೆತ ಏಡಿಯನ್ನು ಬಯಲು ಮರಳಿಗೆ ಎಳೆದೊಯ್ದಿತು.

"ಮೀನಾಗದಿದ್ದರೆ ಏಡಿಯೇ ಸೈ. ಚಿಪ್ಪು ಒಡೆಯುವ ಕಷ್ಟವೂ ಇಲ್ಲ" ಎಂದು ನಕ್ಕು ಮಿಂಚುಳ್ಳಿ ಮತ್ತೆ ಮೇಲೇರಿತು.

ಏಡಿ ತೆವಳಿತು. ಸಂದಿ ದೂರವಿತ್ತು.

ಮೀನಿಗೆ ಅಡಗಲು ಪಕ್ಕದಲ್ಲೇ ಕಲ್ಲಿತ್ತು. ಅಡಗಲಿಲ್ಲ. ಅಂಗೈ ಮುಳುಗುವಷ್ಟೇ ನೀರಿದ್ದ ಬಂಡೆಯ ಮೇಲೆ ಹೋಗಿ, ಬಿಸಿಲಿಗೆ ಮೈಯೊಡ್ಡಿ ಕೂಗಿತು: "ಮಾಮಾ, ನನ್ನ ಊಟ ಎಲ್ಲಿ?"

ಮಿಂಚುಳ್ಳಿಗೆ ಆ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಬಾಣದಂತೆ ಎರಗಿತು. ಈ ಸಲ ನೆರಳು ಬಿದ್ದೊಡನೆ ಮೀನು ಪಕ್ಕಕ್ಕೆ ಜಾರಿತು. ಕೊಕ್ಕು ಬಂಡೆಗೆ ಬಡಿದು ಮುರಿಯಿತು. ಮಿಂಚುಳ್ಳಿ ಹಾರಿಹೋಯಿತು.

ಕೆಂಪು ಮೀನು ಏಡಿಯನ್ನು ಮೂತಿಯಿಂದ ತಳ್ಳುತ್ತ ಸಂದಿ ಸೇರಿಸಿತು. "ಅಕ್ಕಾ, ನಿನ್ನ ಋಣ ತೀರಿತಾ?"

"ತೀರಿತು ಬಿಡು. ಕಾಲಾದರೆ ಮತ್ತೆ ಬೆಳೆಯುತ್ತೆ. ಜೀವ ಬೆಳೆಯುತ್ತಿತ್ತಾ?"

ನೀತಿ: ಹೊಸ ನೀರಿನಲ್ಲಿ ಹಳೆಯ ಅಭ್ಯಾಸವನ್ನು ನಂಬಬಾರದು; ಸಿಹಿಯಾಗಿ ಕರೆದವರಿಗಿಂತ ಬೈದು ಎಳೆದುಕೊಂಡವರೇ ನಿಜವಾದ ನಂಟರು.