ಹುಲಿಬಂಡೆಯ ಪಾಠ

ಒಂದು ಕಾಡಿನಲ್ಲಿ ಒಂದು ಶಾಲೆ ಇತ್ತು. ಬಿದಿರುಮೆಳೆಯ ನೆರಳೇ ಅದರ ಚಾವಣಿ. ಮೇಷ್ಟ್ರು ಒಬ್ಬರೇ, ನರಿ. ಕಲಿಸುತ್ತಿದ್ದುದು ಕಾಡಿನ ಚರಿತ್ರೆ. ಆ ಚರಿತ್ರೆಯಲ್ಲಿ ಇದ್ದುದು ಒಂದೇ ಪಾಠ.

“ಹಿಂದೆ ಸೀಳುನಾಯಿಗಳ ಹಿಂಡು ಸಿಳ್ಳೆ ಹಾಕುತ್ತಾ ಬಂತು. ಸಿಳ್ಳೆ ಕೇಳಿದೊಡನೆ ಎಲ್ಲರೂ ಹುಲಿಬಂಡೆ ಹತ್ತಿದರು. ಹುಲಿರಾಯ ಗರ್ಜಿಸಿದ. ನಾಯಿಗಳು ಓಡಿಹೋದವು.”

ಮರಿಗಳು ಇದನ್ನು ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಒಪ್ಪಿಸಬೇಕು. ಒಪ್ಪಿಸುತ್ತಾ ಬಂಡೆಯ ದಿಕ್ಕಿಗೆ ಹತ್ತು ಹೆಜ್ಜೆ ಹಾಕಬೇಕು. ಅದು ಶಾಲೆಯ ಪದ್ಧತಿ. ಅರ್ಧ ಮರಿಗಳು ತೂಕಡಿಸುತ್ತಲೇ ಹೆಜ್ಜೆ ಹಾಕುತ್ತಿದ್ದವು.

ದೇವೀರಿ ಎಂಬ ಮೊಲವೂ ಅದೇ ಶಾಲೆಯಲ್ಲಿ ಓದಿದವಳು. ಈಗ ಅವಳ ಮಗಳು ಚೆಲುವಿ ಅಲ್ಲಿ ಓದುತ್ತಿದ್ದಳು. ದೇವೀರಿ ಹುಟ್ಟಾ ಹೆದರುಪುಕ್ಕಲಿ. ತರಗೆಲೆ ಸದ್ದಾದರೂ ಎದೆ ಹಿಡಿದುಕೊಳ್ಳುತ್ತಿದ್ದಳು. ಆದರೂ ಆ ಪಾಠ ನೆನೆದರೆ ಅವಳಿಗೆ ಧೈರ್ಯ ಬರುತ್ತಿತ್ತು. ಏನೇ ಬರಲಿ, ಬಂಡೆ ಇದೆಯಲ್ಲ.

ಒಂದು ಮಧ್ಯಾಹ್ನ ಚೆಲುವಿ ಬೇಗ ಮನೆಗೆ ಬಂದಳು. ಬಾಯಲ್ಲಿ ಏನೋ ಕಚ್ಚಿಕೊಂಡಿದ್ದಳು. ಅವ್ವನ ಮುಂದೆ ಇಟ್ಟಳು. ಜಿಂಕೆಮರಿಯ ಗೊರಸು. ಬೋರೆಹಣ್ಣಿನಷ್ಟು ಚಿಕ್ಕದು. ಒಣಗಿ ಕಪ್ಪಾಗಿತ್ತು.

“ಎಲ್ಲಿ ಸಿಕ್ತೇ ಇದು?”

“ಹುಲಿಬಂಡೆ ಬಿರುಕಿನಲ್ಲಿ. ಒಳಗೆ ರಾಶಿ ಇದೆ ಅವ್ವ. ನಮ್ಮಂಥವರ ಹಲ್ಲೂ ಇದೆ. ಎಲ್ಲರೂ ಉಳಿದರು ಅಂತಾರಲ್ಲ, ಮತ್ತೆ ಇವು ಯಾರವು ಅಂತ ಮೇಷ್ಟ್ರನ್ನ ಕೇಳಿದೆ.”

“ಏನಂದ್ರು?”

“ಪಾಠದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂದ್ರು. ಆಚೆ ಕೂರಿಸಿದ್ರು.”

ದೇವೀರಿಯ ಕಿವಿಗಳು ತಣ್ಣಗಾದವು. ಮಗಳನ್ನು ಕರೆದುಕೊಂಡು ನರಿಯ ಹತ್ತಿರ ಹೋದಳು. ತಪ್ಪಾಯಿತು ಎಂದು ಹೇಳಿಸಿ ಬರೋಣವೆಂದೇ ಹೋದಳು.

ನರಿ ಹಲ್ಲು ಕಾಣುವಷ್ಟೇ ನಕ್ಕಿತು. “ನಿನ್ನ ಮಗಳಿಗೆ ಪ್ರಶ್ನೆ ಜಾಸ್ತಿ ಕಣಮ್ಮ. ಪ್ರಶ್ನೆ ಜಾಸ್ತಿಯಾದ ಮರಿಗಳು ದಾರಿ ತಪ್ತವೆ. ದಾರಿ ತಪ್ಪಿದವರನ್ನ ಏನು ಹಿಡಿಯುತ್ತೋ, ಯಾರಿಗೆ ಗೊತ್ತು?”

ಮೇಷ್ಟ್ರ ಕಣ್ಣು ಚೆಲುವಿಯ ಕುತ್ತಿಗೆಯ ಮೇಲಿತ್ತು. ದೇವೀರಿ ಅದನ್ನು ನೋಡಿದಳು. ಮಗಳನ್ನು ಎಳೆದುಕೊಂಡು ಹಿಂದೆ ಸರಿದಳು.

ಮನೆಗೆ ಹೋಗಲು ಕಾಲು ಬರಲಿಲ್ಲ. ಕಾಡಿನ ಅಂಚಿನ ಸೀಗೆಮೆಳೆಯಲ್ಲಿ ಮುದ್ದಜ್ಜಿ ಎಂಬ ಮುದಿ ಮುಳ್ಳುಹಂದಿ ಇದ್ದಳು. ಅವಳ ಮನೆಯ ಮರಿಗಳಿಗೆ ಶಾಲೆ ಇರಲಿಲ್ಲ. ಪಕ್ಕದವರಿಗೆ ಚುಚ್ಚುತ್ತದೆ ಎಂದು ನರಿ ಸೇರಿಸಿಕೊಂಡಿರಲಿಲ್ಲ. ಮೊಲಗಳ ಆಯಸ್ಸು ಅಂಗೈಯಗಲ. ಮುಳ್ಳುಹಂದಿಗಳದು ದೊಡ್ಡದು. ಕಂಡದ್ದು ಹೇಳುವುದಾದರೆ ಮುದ್ದಜ್ಜಿಯೇ ಹೇಳಬೇಕು.

ಅಜ್ಜಿ ಬೇರು ಕಡಿಯುತ್ತಿದ್ದಳು. ಗೊರಸು ನೋಡಿ ಕಡಿಯುವುದನ್ನು ನಿಲ್ಲಿಸಿದಳು.

“ಕೊನೆಗೂ ಒಬ್ಬಳು ಬಂದೆ,” ಎಂದಳು.

“ಅಜ್ಜಿ, ನಿಜ ಹೇಳಿ. ಬಂಡೆ ಹತ್ತಿದವರು ಉಳಿದರಾ?”

“ನಾನಾಗ ಮುಳ್ಳು ಬಲಿಯದ ಮರಿ. ಆ ಬಂಡೆಗೆ ಮೂರು ಕಡೆ ಕೊರಕಲು. ಹತ್ತೋಕೆ, ಇಳಿಯೋಕೆ ಒಂದೇ ದಾರಿ. ಹತ್ತಿದವರಲ್ಲಿ ಒಬ್ಬರೂ ಇಳೀಲಿಲ್ಲ.”

“ಹುಲಿರಾಯ?”

“ಅವನು ಹಿಂದಿನ ದಿನವೇ ಹೊಳೆ ದಾಟಿದ್ದ. ನಲವತ್ತು ನಾಯಿ ಬಂದರೆ ಹುಲಿಗೂ ಭಯ ಇರುತ್ತೆ ತಾಯಿ. ಅದರಲ್ಲಿ ನಾಚಿಕೆ ಏನು?”

ದೇವೀರಿ ಮಗಳನ್ನು ಹೊಟ್ಟೆಗೆ ಒತ್ತಿಕೊಂಡಳು. “ಹಾಗಾದ್ರೆ ನಾವು ಹೇಗೆ ಉಳಿದ್ವಿ?”

ಅಜ್ಜಿ ಸೀಗೆಮೆಳೆಯ ಬುಡ ತೋರಿಸಿದಳು. ಅಲ್ಲಿ ಒಂದು ಬಿಲದ ಬಾಯಿ ಇತ್ತು. “ನಮ್ಮವ್ವ, ನಮ್ಮ ಚಿಕ್ಕವ್ವಂದಿರು ತೋಡಿದ್ದು. ಬಂಡೆಗೆ ಹೋಗದ ಮರಿಗಳನ್ನ ಇದರೊಳಗೆ ನೂಕಿದ್ರು. ಬಾಯಿಗೆ ಬೆನ್ನು ಕೊಟ್ಟು ತಾವು ಕೂತ್ರು. ಆ ಮರಿಗಳಲ್ಲಿ ಒಂದು ನಿನ್ನ ಮುತ್ತಜ್ಜಿ. ಎಡಗಿವಿ ಹರಿದಿತ್ತು ಅವಳಿಗೆ.”

ಚೆಲುವಿ ಬಿಲದೊಳಗೆ ತಲೆ ಹಾಕಿ ನೋಡಿದಳು. ಗೋಡೆ ಮುಟ್ಟಿದಳು. “ಇಲ್ಲಿ ಕೆರೆದ ಗುರುತು ಇದೆ ಅಜ್ಜಿ. ಯಾರದು?”

“ಮುಟ್ಟು, ಮುಟ್ಟು. ಹೆದರಿದ ಮರಿಗಳು ಇನ್ನೂ ಒಳಕ್ಕೆ ಹೋಗೋಕೆ ಕೆರೆದದ್ದು.”

ಶಾಲೆಯಲ್ಲಿ ತೂಕಡಿಸುತ್ತಿದ್ದವರಲ್ಲಿ ಚೆಲುವಿಯೂ ಒಬ್ಬಳು. ಈಗ ಕಣ್ಣು ಮಿಟುಕಿಸಲಿಲ್ಲ.

ದೇವೀರಿಗೆ ಇನ್ನೊಂದು ಕೇಳಬೇಕಿತ್ತು. ಕೇಳಲು ಹೆದರಿಕೆ. ಕೇಳಿದಳು. “ಈ ಸುಳ್ಳು ಪಾಠ ಕಟ್ಟಿದವರು ಯಾರು?”

“ಮೇಷ್ಟ್ರ ಅಜ್ಜ. ನಾಯಿಗಳು ಹೊಟ್ಟೆ ತುಂಬ ತಿಂದು ಬಿಟ್ಟು ಹೋದ್ವಲ್ಲ, ಉಳಿದದ್ದು ಯಾರ ಪಾಲಾಯ್ತು ಅಂದುಕೊಂಡೆ? ಮುಂದಿನ ಸಲವೂ ಎಲ್ಲರೂ ಒಂದೇ ಕಡೆ ಸೇರಲಿ ಅಂತ ಪಾಠ ಮಾಡಿಟ್ಟ.”

ಮರುದಿನ ಬೆಳಿಗ್ಗೆ ದೇವೀರಿ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಗೊರಸು ತೆಗೆದುಕೊಂಡು ತಾನೇ ಹೊರಟಳು. ಬೇರೆ ತಾಯಂದಿರಿಗೆ ಹೇಳಬೇಕಿತ್ತು. ಚೆಲುವಿ ಬಿಡಲಿಲ್ಲ, ಹಿಂದೆಯೇ ಬಂದಳು.

ಶಾಲೆ ಇನ್ನೂ ಇಪ್ಪತ್ತು ಮಾರು ದೂರವಿತ್ತು. ಆಗ ಕೇಳಿಸಿತು.

ಸಿಳ್ಳೆ.

ಸಣ್ಣಗೆ, ಉದ್ದಕ್ಕೆ. ಹಕ್ಕಿಯದಲ್ಲ. ಹಕ್ಕಿಗಳೆಲ್ಲ ಸುಮ್ಮನಾಗಿದ್ದವು. ಆ ಕಡೆಯಿಂದ ಇನ್ನೊಂದು ಸಿಳ್ಳೆ. ಗುಡ್ಡದ ಕಡೆಯಿಂದ ಮತ್ತೊಂದು.

“ಸಾಲಾಗಿ,” ಎಂದಿತು ನರಿ. ಅದರ ದನಿಯಲ್ಲಿ ಗಾಬರಿ ಇರಲಿಲ್ಲ. “ಪಾಠ ನೆನಪಿದೆಯಲ್ಲ? ಗಟ್ಟಿಯಾಗಿ ಹೇಳ್ತಾ ಬಂಡೆ ಹತ್ತಿ. ಹುಲಿರಾಯನಿಗೆ ಕೇಳಿಸಬೇಕು. ನಾನು ಮುಂದೆ ನಡೀತೀನಿ.”

ಮರಿಗಳು ಎದ್ದವು. ತಾಯಂದಿರೂ ಓಡಿ ಬಂದು ಸೇರಿದರು. ಎಲ್ಲರ ಬಾಯಲ್ಲೂ ಪಾಠ. ಎಲ್ಲರ ಕಾಲೂ ಒಂದೇ ದಿಕ್ಕಿಗೆ.

ದೇವೀರಿಯ ಕಾಲೂ ತಿರುಗಿತು. ಅವಳಿಗೆ ಎಲ್ಲ ಗೊತ್ತಿತ್ತು. ಆದರೂ ತಿರುಗಿತು. ಬಾಲ್ಯದಿಂದ ಹಾಕಿದ ಹತ್ತು ಹೆಜ್ಜೆಗಳು ಅವಳನ್ನು ಎಳೆದುಕೊಂಡು ಹೊರಟವು. ಒಂದು, ಎರಡು, ಮೂರು.

“ಅವ್ವ, ಆ ಕಡೆ ಅಲ್ಲ,” ಎಂದಳು ಚೆಲುವಿ.

ದೇವೀರಿ ನಿಂತಳು. ನರಿ ತಿರುವು ದಾಟಿ ಮರೆಯಾಗುವವರೆಗೆ ಕಾದಳು. ಆಮೇಲೆ ಹಾದಿಗೆ ಅಡ್ಡ ನಿಂತಳು.

“ಸಿದ್ದಕ್ಕ, ನಿಲ್ಲು. ಅದು ಸಾವಿನ ಬಂಡೆ.”

ಸಿದ್ದಕ್ಕ ಜಿಂಕೆ. ಎಲ್ಲರಿಗಿಂತ ಮುಂದಿದ್ದಳು. “ದಾರಿ ಬಿಡೆ ಪುಕ್ಕಲಿ. ತರಗೆಲೆಗೆ ಹೆದರೋಳು ನಮಗೆ ಬುದ್ಧಿ ಹೇಳ್ತಾಳೆ.”

“ಪುಕ್ಕಲಿಯೇ. ಅದಕ್ಕೇ ಹೇಳ್ತಿದೀನಿ. ಇದನ್ನ ನೋಡು.”

ದೇವೀರಿ ಗೊರಸನ್ನು ಅವಳ ಕಾಲ ಬಳಿ ಉದುರಿಸಿದಳು. ಸಿದ್ದಕ್ಕ ಮೂಸಿದಳು. ಪಕ್ಕದಲ್ಲಿ ಅವಳ ಮರಿ ನಿಂತಿತ್ತು. ಮರಿಯ ಕಾಲು ನೋಡಿದಳು. ನೆಲದ ಮೇಲಿದ್ದುದನ್ನು ನೋಡಿದಳು. ಎರಡೂ ಒಂದೇ ಅಳತೆ.

ಸಿಳ್ಳೆ ಹತ್ತಿರವಾಯಿತು.

“ಎಲ್ಲಿಗೆ?” ಎಂದಳು ಸಿದ್ದಕ್ಕ. ಅಷ್ಟೇ ಕೇಳಿದಳು.

“ಮುದ್ದಜ್ಜಿಯ ಸೀಗೆಮೆಳೆಗೆ. ಮರಿಗಳನ್ನ ಒಳಗೆ ಬಿಟ್ಟು ನೀವು ಹೊಳೆ ದಾಟಿ. ಪಾಠ ನಿಲ್ಲಿಸಿ. ಉಸಿರೂ ಕೇಳಿಸಬಾರದು.”

ಕಾಡುಕೋಳಿ ಮರಿ, ಹಂದಿಮರಿ, ಜಿಂಕೆಮರಿ, ಮೊಲದ ಮರಿ ಎಲ್ಲವೂ ಬಿಲದೊಳಗೆ ನುಗ್ಗಿದವು. ಕೊನೆಗೆ ದೇವೀರಿ. ಮುದ್ದಜ್ಜಿ ಬಾಯಿಗೆ ಬೆನ್ನು ಕೊಟ್ಟು ಕೂತಳು. ಅವಳ ಎರಡೂ ಪಕ್ಕಕ್ಕೆ ಶಾಲೆ ಕಾಣದ ಮೊಮ್ಮಕ್ಕಳು ಕೂತರು. ಒಳಗೆ ಕತ್ತಲೆ. ಇಪ್ಪತ್ತು ಎದೆಗಳು ಹೊಡೆದುಕೊಳ್ಳುತ್ತಿದ್ದವು.

ದೂರದಲ್ಲಿ, ಬಂಡೆಯ ಮೇಲಿಂದ, ಒಂದೇ ದನಿ ಪಾಠ ಹೇಳುತ್ತಿತ್ತು. ನರಿ ಹಿಂದೆ ತಿರುಗಿ ನೋಡದೆ ತುದಿಯವರೆಗೂ ಹತ್ತಿತ್ತು. ಇಷ್ಟು ವರ್ಷ ಎಲ್ಲರೂ ಹಿಂದೆಯೇ ಬಂದಿದ್ದರು. ತಿರುಗಿ ನೋಡುವ ಅಭ್ಯಾಸವೇ ಅದಕ್ಕೆ ಇರಲಿಲ್ಲ.

“ಸಿಳ್ಳೆ ಕೇಳಿದೊಡನೆ ಎಲ್ಲರೂ ಹುಲಿಬಂಡೆ ಹತ್ತಿದರು...”

ದನಿ ತಡವರಿಸಿತು. ಈಗ ತಿರುಗಿ ನೋಡಿರಬೇಕು.

“ಎಲ್ಲಿ ಮೇಷ್ಟ್ರೇ ನಮ್ಮ ಊಟ?” ಎಂದಿತು ಇನ್ನೊಂದು ದನಿ. ಅದು ಒರಟಾಗಿತ್ತು.

“ಬರ್ತಾರೆ ಧಣಿ, ಬಂದೇ ಬರ್ತಾರೆ. ಪಾಠ ಬಾಯಿಗೆ ಬಂದಿದೆ ಅವರಿಗೆ.”

“ಹೊಟ್ಟೆ ಕಾಯಲ್ಲ ಮೇಷ್ಟ್ರೇ.”

“ಹುಲಿರಾಯ,” ಎಂದು ನರಿ ಕೂಗಿತು. ಪಾಠವೋ, ಮೊರೆಯೋ, ತಿಳಿಯಲಿಲ್ಲ. “ಹುಲಿರಾಯ ಗರ್ಜಿಸಿ...”

ಮಾತು ಅಲ್ಲಿಗೇ ನಿಂತಿತು.

ಒಂದು ನರಿಯಿಂದ ಹಿಂಡಿನ ಹೊಟ್ಟೆ ತುಂಬುವುದಿಲ್ಲ. ನಾಯಿಗಳು ವಾಸನೆ ಹಿಡಿದು ಇಳಿದವು. ಸೀಗೆಮೆಳೆಯ ಸುತ್ತ ತರಗೆಲೆ ಸರಸರ ಎಂದಿತು. ಬಿಲದ ಬಾಯಲ್ಲಿ ಬಿಸಿ ಉಸಿರು ಬಂತು. ಒಂದು ಹಂದಿಮರಿ ಅಳಲು ಬಾಯಿ ತೆರೆಯಿತು. ಚೆಲುವಿ ಅದರ ಬಾಯೊಳಗೆ ತನ್ನ ಕಿವಿ ತುರುಕಿದಳು. ಮರಿ ಕಚ್ಚಿತು. ಚೆಲುವಿ ಕೂಗಲಿಲ್ಲ.

ಮುದ್ದಜ್ಜಿ ಬೆನ್ನು ಝಾಡಿಸಿದಳು. ಹೊರಗೆ ಒಂದು ನಾಯಿ ಕುಂಯ್ ಎಂದಿತು. ಮತ್ತೊಂದು ಮೂಗು ಹಾಕಿತು. ಅದೂ ಕುಂಯ್ ಎಂದಿತು. ಮೂರನೆಯದು ಹತ್ತಿರ ಬರಲಿಲ್ಲ. ಬಿಸಿಲು ಏರಿತು. ಕೊನೆಗೆ ಸಿಳ್ಳೆ ಗುಡ್ಡದಾಚೆ ಹೋಯಿತು.

ಹೊಳೆ ದಾಟಿದ್ದ ತಾಯಂದಿರು ಹಿಂದಿರುಗಿ ಬಂದು ಕರೆಯುವವರೆಗೂ ಯಾರೂ ಹೊರಗೆ ಬರಲಿಲ್ಲ.

ಮಳೆ ಬಿದ್ದ ಮೇಲೆ ಶಾಲೆ ಮತ್ತೆ ತೆರೆಯಿತು. ಈಗ ಅಲ್ಲಿ ಒಂದೇ ಪಾಠವಿಲ್ಲ. ಒಂದು ದಿನ ಮುಳ್ಳುಹಂದಿಗಳ ಮನೆಯ ಕಥೆ, ಒಂದು ದಿನ ಕಾಡುಕೋಳಿಗಳದು, ಒಂದು ದಿನ ಜಿಂಕೆಗಳದು. ಕಥೆಗೆ ಸಾಕ್ಷಿ ತರಬೇಕು. ಹಲ್ಲೋ, ಗರಿಯೋ, ನೆಲದ ಗುರುತೋ. ಎಲ್ಲರೂ ಅದನ್ನು ಮುಟ್ಟಿ ನೋಡಬೇಕು. ಎರಡು ಮನೆಯ ಕಥೆ ಹೊಂದದಿದ್ದರೆ ಮರಿಗಳು ಜಾಗಕ್ಕೇ ಹೋಗಿ ನೋಡುತ್ತವೆ. ಯಾವ ಮರಿಯೂ ತೂಕಡಿಸುವುದಿಲ್ಲ. ಮುಳ್ಳುಹಂದಿಯ ಮರಿಗಳು ಮುಂದಿನ ಸಾಲಿನಲ್ಲಿ ಕೂರುತ್ತವೆ. ಪಕ್ಕದವರು ಒಂದು ಗೇಣು ಸರಿದು ಕೂರುತ್ತಾರೆ. ಅಷ್ಟಕ್ಕೆ ಯಾರಿಗೂ ಚುಚ್ಚುವುದಿಲ್ಲ.

ನರಿಯ ಎರಡು ಮರಿಗಳೂ ಬಂದವು. ಬಿದಿರಿನ ಮರೆಯಲ್ಲಿ ನಿಂತಿದ್ದವು. ಮುದ್ದಜ್ಜಿ ಕರೆದು ಕೂರಿಸಿದಳು. ಅವರಪ್ಪನ ಪಾಠ ಬಂದ ದಿನ ತಲೆ ತಗ್ಗಿಸಿ ಕೇಳಿದವು. ಯಾರೂ ನಗಲಿಲ್ಲ.

ದೇವೀರಿ ಇಂದಿಗೂ ಪುಕ್ಕಲಿಯೇ. ಎಲ್ಲೋ ಸಿಳ್ಳೆಯಂಥ ಸದ್ದಾದರೆ ಅವಳ ಕಾಲು ಇನ್ನೂ ಬಂಡೆಯ ಕಡೆಗೆ ತಿರುಗುತ್ತದೆ. ಆಗ ಅವಳು ನಿಲ್ಲುತ್ತಾಳೆ. ಮಗಳ ಹರಿದ ಕಿವಿ ನೋಡುತ್ತಾಳೆ. ಸೀಗೆಮೆಳೆಯ ಕಡೆಗೆ ಹೆಜ್ಜೆ ಹಾಕುತ್ತಾಳೆ.

ನೀತಿ: ಒಬ್ಬನೇ ಹೇಳಿದ ಚರಿತ್ರೆಯನ್ನು ಬಾಯಿಪಾಠ ಮಾಡಿದವರು ಅವನು ತೋರಿಸಿದ ಕಡೆಗೇ ಓಡುತ್ತಾರೆ, ಎಲ್ಲರ ಮನೆಯ ಕಥೆಗೂ ಶಾಲೆಯಲ್ಲಿ ಜಾಗ ಕೊಡಿ, ಮಕ್ಕಳ ಪ್ರಶ್ನೆಯನ್ನು ಆಚೆ ಕೂರಿಸಬೇಡಿ.